ಹತ್ತರ ಮೇಲೆ ನಿಂತ ಮುಳ್ಳು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಎಲ್ಲೋ ಕೇಳಿದ ಕತೆಯಲ್ಲ, ನನ್ನ ಚಿಕ್ಕಮ್ಮ ರಮಾಮಣಿಯ ಮಗಳು ಮನಸ್ವಿನಿಗೆ ಆದದ್ದು. ಸೂರತ್ತಿನಲ್ಲಿ, ಹೋದ ವರ್ಷದ ಜನವರಿಯಲ್ಲಿ.

ಚಿಕ್ಕಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಅವರೆಲ್ಲ ಹಾಸನ ಬಿಟ್ಟು ಅಲ್ಲಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ಮನಸ್ವಿನಿ ಉಧ್ನಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದಳು. ಮೊಂಡು ಹುಡುಗಿ. ದೆವ್ವ ಅಂದರೆ, "ಬರಲಿ, ಅದರದ್ದೂ ಒಂದು ಎಂಟ್ರಿ ಮಾಡಿಡ್ತೀನಿ" ಅನ್ನುವ ಪೈಕಿ.

ಆ ರಾತ್ರಿ ಅವಳು ಆಫೀಸಿನಿಂದ ಹೊರಟಾಗ ಹನ್ನೊಂದು ದಾಟಿತ್ತು. ಮನೆಗೆ ಕಾಲು ಗಂಟೆಯ ದಾರಿ. ಮಿಲ್ಲಿನ ಹಿಂದಿನ ಗೋಡೆ, ಒಂದು ಆಲದ ಮರ, ಅದರ ಬುಡದಲ್ಲಿ ಹಳೆಯ ಬಾವಿ. ಬಾವಿ ಅಂದರೆ ಹೆಸರಿಗಷ್ಟೆ. ಎಂದೋ ಮಣ್ಣು ತುಂಬಿ ಮೇಲೆ ಕಬ್ಬಿಣದ ಜಾಲರಿ ಕೂರಿಸಿದ್ದರು.

ಆಲದ ಕೆಳಗೆ ಬಂದಳು...

ಟಣ್. ಟಣ್. ಟಣ್.

ನಿಂತಳು. ರೈಲು ಹಳಿಯ ಸದ್ದಲ್ಲ, ಅದು ಉದ್ದಕ್ಕೆ ಗುಂಯ್‌ಗುಡುತ್ತದೆ. ಇದು ಟೊಳ್ಳು ಪೈಪಿನ ಮೇಲೆ ಸ್ಪ್ಯಾನರ್ ಬಿದ್ದ ಸದ್ದು. ಬಾವಿಯೊಳಗಿಂದ ಬಂದಿತ್ತು. ಮಣ್ಣು ತುಂಬಿದ ಬಾವಿಯೊಳಗಿಂದ... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು. ಯಾರೋ ಬಡಿದು, ಕಾದು, ಮತ್ತೆ ಬಡಿದ ಹಾಗೆ.

ಅವಳು ಓಡಲಿಲ್ಲ. ಬೇಗಬೇಗ ನಡೆದಳು, ಅಷ್ಟೆ. ಅದನ್ನು ಈಗಲೂ ಒತ್ತಿ ಹೇಳುತ್ತಾಳೆ.

ಅಷ್ಟು ತಡವಾಗಿದ್ದಕ್ಕೆ ಕಾರಣವಿತ್ತು. ಮೂರು ವಾರದ ಹಿಂದೆ, ಅದೇ ಹಿಂದಿನ ಗೋಡೆಯಾಚೆ, ಮಿಲ್ಲಿನ ಬಾಯ್ಲರ್ ಕೋಣೆಯಲ್ಲಿ ಪೈಪು ಸಿಡಿದು ಚಂದ್ರಕಾಂತ ಅನ್ನುವ ಆಪರೇಟರ್ ಸತ್ತಿದ್ದ. ವಿಚಾರಣೆಗೆ ಅಧಿಕಾರಿ ಬರುವವರಿದ್ದರು. ಸ್ಟೀಮಿನ ಒತ್ತಡ ಹತ್ತು ಮುಟ್ಟಿದರೆ ಅಪಾಯ ಎಂದು ಬಾಯ್ಲರ್ ಕೋಣೆಯ ಗೋಡೆಯ ಮೇಲೇ ಬರೆದಿತ್ತು. ಮೀಟರು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತಿತ್ತು. ಮನಸ್ವಿನಿ ಬರೆದಿಟ್ಟ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅದನ್ನು ನೋಡಿ, ಅಪಾಯವಿದ್ದರೆ ಗಂಟೆ ಹೊಡೆಸಬೇಕಿತ್ತು. ಪೈಪು ಸಿಡಿದ ರಾತ್ರಿ ಗಂಟೆ ಹೊಡೆದಿರಲಿಲ್ಲ. ಕ್ವೆರಿ ಕೊಟ್ಟ ಉತ್ತರ ಸೊನ್ನೆ ಸಾಲು. ಅಂದರೆ ಕೊನೆಯ ನಿಮಿಷದವರೆಗೂ ಒತ್ತಡ ಸರಿಯಿತ್ತು, ಚಂದ್ರಕಾಂತನೇ ವಾಲ್ವ್ ನೋಡಿಕೊಳ್ಳದೆ ನಿದ್ದೆ ಹೋಗಿದ್ದ... ವರದಿ ಹಾಗೇ ತಯಾರಾಗಿತ್ತು. ಮನಸ್ವಿನಿಯೂ ನಂಬಿದ್ದಳು. ಸಹಿ ಹಾಕುವುದೊಂದೇ ಬಾಕಿ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಅವನ ಹೆಂಡತಿ ನಿಂತಿದ್ದಳು. ಕ್ವಾರ್ಟರ್ಸ್ ಖಾಲಿ ಮಾಡಲು ಹೇಳಿದ್ದರಂತೆ. ಅವಳು ಅದರ ಮಾತೇ ಎತ್ತಲಿಲ್ಲ.

"ವೋ ಸೋಯೇ ನಹೀಂ ಥೇ, ದೀದಿ. ಅವರು ನಿದ್ದೆ ಮಾಡಿರಲಿಲ್ಲ. ಪೈಪು ಬಡಿದದ್ದು ನನಗೆ ಮನೆಗೇ ಕೇಳಿಸ್ತು. ಮೂರು ಏಟು."

"ಮೂರು ಏಟು ಯಾಕೆ?" ಮನಸ್ವಿನಿ ಕೇಳಿದಳು.

"ಮಿಲ್ಲಿನ ಹಳೇ ರೂಢಿ. ಮೀಟರಿನ ಮುಳ್ಳು ಹತ್ತಕ್ಕೆ ಬಂದರೆ ಆಪರೇಟರು ಮೂರು ಏಟು ಹೊಡೀಬೇಕು. ಬಣ್ಣದ ಮನೆಯವರು ತಿರುಗಿ ಒಂದು ಏಟು ಹೊಡೀಬೇಕು, ಕೇಳಿಸ್ತು ಅಂತ. ಆ ಏಟು ಬಂದ ಮೇಲೇ ಸ್ಟೀಮ್ ಇಳಿಸಬೇಕು, ಇಲ್ಲದಿದ್ದರೆ ಅಲ್ಲಿದ್ದವರ ಮೈ ಸುಟ್ಟುಹೋಗುತ್ತೆ. ಕಂಪ್ಯೂಟರ್ ಬಂದ ಮೇಲೆ ಪೈಪಿಗೆ ಯಾರೂ ಕಿವಿ ಕೊಡ್ತಿರಲಿಲ್ಲ. ಗಂಟೆ ಹೊಡೀಲಿಲ್ಲವಲ್ಲ, ಏನೂ ಆಗಿಲ್ಲ ಅಂತ ಸುಮ್ಮನಿದ್ದರು. ಇವರು ಬಡೀತಾನೇ ಇದ್ದರು... ತಿರುಗಿ ಒಂದೂ ಬರಲಿಲ್ಲ."

ಆ ದಿನವಿಡೀ ಮನಸ್ವಿನಿ ಸಹಿ ಹಾಕಲಿಲ್ಲ. ನಾಳೆ ಹಾಕ್ತೀನಿ ಅಂದಳು. ರಾತ್ರಿ ಮತ್ತೆ ಅದೇ ಆಲ, ಅದೇ ಬಾವಿ.

ಟಣ್. ಟಣ್. ಟಣ್.

ಈ ಸಲ ಅವಳಿಗೆ ಸಿಟ್ಟು ಬಂತು. ಭಯವೂ ಇತ್ತು, ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಸೀದಾ ಜಾಲರಿಯ ಹತ್ತಿರ ಹೋಗಿ ನಿಂತಳು.

"ನನ್ನನ್ನು ಹೆದರಿಸಿ ಏನು ಸಿಗುತ್ತೆ ನಿನಗೆ? ಹೇಳೋದಿದ್ದರೆ ನೆಟ್ಟಗೆ ಹೇಳು!"

ಗಾಳಿಯಿರಲಿಲ್ಲ. ಎಲೆ ಅಲ್ಲಾಡಲಿಲ್ಲ. ಕೆಳಗಿನಿಂದ, ಆವಿ ಬಿಟ್ಟ ಹಾಗೆ ಸುಯ್ ಎಂದು ಒಂದು ಉಸಿರು...

"ದಸ್..."

ಹತ್ತು. ಅಷ್ಟೆ.

ಅವಳು ಮನೆಗೆ ಹೋಗಲಿಲ್ಲ. ತಿರುಗಿ ಆಫೀಸಿಗೇ ನಡೆದಳು. ವಾಚ್‌ಮನ್ ಬೈದುಕೊಂಡೇ ಬಾಗಿಲು ತೆಗೆದ. ಕಂಪ್ಯೂಟರ್ ಹಚ್ಚಿ ತನ್ನದೇ ಕ್ವೆರಿಯನ್ನು ಅಕ್ಷರ ಅಕ್ಷರ ಓದಿದಳು. ಕೊನೆಯ ಸಾಲಿನಲ್ಲಿ ಕಂಡಿತು: pressure > 10.

ಹತ್ತಕ್ಕಿಂತ ಹೆಚ್ಚು. ಹಾಗೆ ಕೇಳಿದರೆ ಅದು ಹನ್ನೊಂದು, ಹನ್ನೆರಡನ್ನು ಕೊಡುತ್ತದೆ. ಹತ್ತನ್ನು ಕೊಡುವುದಿಲ್ಲ. ಹತ್ತು ಹತ್ತಕ್ಕಿಂತ ಹೆಚ್ಚಲ್ಲವಲ್ಲ. ಹತ್ತೂ ಬೇಕೆಂದರೆ ಆ ಬಾಣದ ಪಕ್ಕದಲ್ಲಿ ಒಂದು ಸಮ ಚಿಹ್ನೆ ಇಡಬೇಕು. ಅವಳು ಇಟ್ಟಿರಲಿಲ್ಲ.

ಈಗ ಇಟ್ಟಳು. >= 10.

ನಲವತ್ತೊಂದು ಸಾಲು ಬಂತು. ಆ ರಾತ್ರಿಯ ನಲವತ್ತೊಂದು ನಿಮಿಷ. ಎಲ್ಲ ಸಾಲಿನಲ್ಲೂ ಹತ್ತು, ಬರೀ ಹತ್ತು. ಒಂದು ಸಲವೂ ಹನ್ನೊಂದಾಗಿರಲಿಲ್ಲ. ನಲವತ್ತೊಂದು ನಿಮಿಷ ಅವನು ಪೈಪು ಬಡಿದಿದ್ದ, ಅವಳ ಕ್ವೆರಿ ನಿಮಿಷ ನಿಮಿಷಕ್ಕೂ ಏನೂ ಇಲ್ಲ, ಏನೂ ಇಲ್ಲ ಅಂದಿತ್ತು. ಮನಸ್ವಿನಿ ಕುರ್ಚಿಯಲ್ಲೇ ಕೂತು ಗಟ್ಟಿಯಾಗಿ ಅತ್ತಳು.

ಬೆಳಿಗ್ಗೆ ಮ್ಯಾನೇಜರ್ ಮಯೂರ್ ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದ.

"ಮನಸ್ವಿನಿಬೆನ್, ಹಳೇ ಪ್ರಿಂಟೌಟೇ ಇರಲಿ. ಅದರಲ್ಲಿ ಸುಳ್ಳೇನಿದೆ? ಕಂಪ್ಯೂಟರ್ ಸುಳ್ಳು ಹೇಳುತ್ತಾ?"

"ಕಂಪ್ಯೂಟರ್ ಸುಳ್ಳು ಹೇಳಲಿಲ್ಲ ಸರ್. ನಾನು ಕೇಳಿದ್ದೇ ತಪ್ಪು."

"ನಿಮ್ಮ ಹೆಸರೇ ಕೆಡುತ್ತೆ. ಕೆಲಸ ಹೋಗುತ್ತೆ. ಸತ್ತವನಿಗೆ ಏನಾಗಬೇಕಿದೆ ಈಗ?"

"ಹೋಗಲಿ. ನಿದ್ದೆ ಮಾಡಿದ್ದು ನನ್ನ ಕ್ವೆರಿ, ಅವನಲ್ಲ. ಅವನ ಹೆಸರಿನ ಮುಂದೆ ಆ ಮಾತು ಇರಕೂಡದು."

ಮಯೂರ್ ಕಾಗದ ಮುಂದೆ ತಳ್ಳಿದ. ಅವಳು ಹಿಂದಕ್ಕೆ ತಳ್ಳಿದಳು. ಎರಡು ಕ್ವೆರಿ, ಎರಡು ಉತ್ತರ, ಕೆಳಗೆ ತನ್ನ ಪೂರ್ತಿ ಹೆಸರು ಬರೆದು ತಾನೇ ಅಧಿಕಾರಿಯ ಕೈಗೆ ಕೊಟ್ಟುಬಂದಳು. ಸಂಜೆಯೊಳಗೆ ಅವಳ ಗುರುತಿನ ಚೀಟಿ ಕಸಿದುಕೊಂಡರು. ವರದಿಯಲ್ಲಿದ್ದ "ನಿದ್ದೆ" ಅನ್ನುವ ಮಾತನ್ನು ಆಮೇಲೆ ಹೊಡೆದುಹಾಕಿದರು.

ಆದರೆ ಅದೇ ರಾತ್ರಿ, ಮನೆಯಲ್ಲಿ ಊಟ ಮುಗಿದ ಮೇಲೆ, ಅವಳು ಕದ ತೆಗೆದು ಹೊರಟಳು.

"ಈ ಹೊತ್ತಲ್ಲಿ ಎಲ್ಲಿಗೇ?" ಚಿಕ್ಕಮ್ಮ ಪಿಸುಗುಟ್ಟಿದರು.

"ಒಬ್ಬರು ಕಾಯ್ತಿದ್ದಾರೆ ಅಮ್ಮ. ಈಗ ಬಂದುಬಿಡ್ತೀನಿ."

ಆಲದ ಕೆಳಗೆ ಹೋಗಿ ನಿಂತಳು. ತಡವಾಗಲಿಲ್ಲ.

ಟಣ್. ಟಣ್. ಟಣ್.

ಮನಸ್ವಿನಿ ಬಗ್ಗಿದಳು. ಕೈಯಲ್ಲಿದ್ದ ಮನೆಯ ಕೀಯಿಂದ ಜಾಲರಿಯ ಮೇಲೆ ಬಲವಾಗಿ ಹೊಡೆದಳು. ಒಂದೇ ಏಟು.

"ಕೇಳಿಸ್ತು" ಅಂದಳು.

ಒಳಗಿನಿಂದ ಸುಯ್... ಎಂದು ಉದ್ದಕ್ಕೆ ಆವಿ ಇಳಿಯುವ ಸದ್ದು. ಇಳಿಯಿತು, ಇಳಿಯಿತು... ನಿಂತಿತು. ಆಮೇಲೆ ದೂರದಲ್ಲಿ ಉಧ್ನಾ ಸ್ಟೇಶನ್ನಿನ ಗಾಡಿಯ ಕೂಗು ಮಾತ್ರ. ಆ ಬಾವಿಯಿಂದ ಮತ್ತೆ ಯಾರಿಗೂ ಏನೂ ಕೇಳಿಸಿಲ್ಲ.

ಅವಳು ಈಗ ವಡೋದರೆಯಲ್ಲಿ ಕೆಲಸ ಮಾಡುತ್ತಾಳೆ, ಫತೇಗಂಜ್‌ನ ಹಾಸ್ಟೆಲಿನಲ್ಲಿದ್ದಾಳೆ. ಭ್ರಮೆ ಅನ್ನುವವರು ಅನ್ನಲಿ. ನಾನು ಜಗಳಕ್ಕೆ ನಿಲ್ಲುವುದಿಲ್ಲ. ಒಂದು ಮಾತು ಹೇಳಿ ಏಳುತ್ತೇನೆ.

ಆ ರಾತ್ರಿ ಅವಳು ಮನೆಗೆ ಬಂದು ಎಂದಿನಂತೆ ಕೀಯನ್ನು ಊಟದ ಮೇಜಿನ ಮೇಲೆ ಇಟ್ಟಳು. ಜನವರಿಯ ಚಳಿ. ಕೀ ಕೈಗೆ ತಣ್ಣಗೇ ಇತ್ತಂತೆ. ಬೆಳಿಗ್ಗೆ ಎತ್ತಿದಾಗ ಅದರ ಕೆಳಗಿನ ಪ್ಲಾಸ್ಟಿಕ್ ಹಾಸು ಕರಗಿತ್ತು, ಸರಿಯಾಗಿ ಕೀಯ ಆಕಾರಕ್ಕೆ, ಹಲ್ಲು ಹಲ್ಲೂ ಮೂಡುವ ಹಾಗೆ.

ಚಿಕ್ಕಮ್ಮ ಆ ಹಾಸನ್ನು ಬದಲಾಯಿಸಿಲ್ಲ. ಹೋದ ತಿಂಗಳು ಹೋದಾಗ ನನಗೆ ಕಾಫಿ ಇಟ್ಟದ್ದು ಆ ಗುರುತಿನ ಪಕ್ಕದಲ್ಲೇ.