ಹತ್ತನೇ ಸುತ್ತು

ಮರುಭೂಮಿಯಲ್ಲಿ ದಾರಿ ತಪ್ಪಿದ ಒಂಟೆಯನ್ನು ಅಬುಧಾಬಿಗೆ ಮುಟ್ಟಿಸಿದವನು ನಾನು. ಅದನ್ನು ನಂಬಬೇಡಿ. ಇದನ್ನು ನಂಬಿ... ನನ್ನ ಹೆಂಡತಿಯ ತಂಗಿಯ ಮಗಳು ಜೂಡಿತ್‌ಗೆ ಆದದ್ದು.

೨೦೧೪ರ ನವೆಂಬರ್, ಒಂದು ಭಾನುವಾರ. ರಾತ್ರಿ ಹನ್ನೊಂದು. ಅಲ್ ಕುಸೈಸ್‌ನಲ್ಲಿ ಮೆಟ್ರೊ ಇಳಿದು ಅವಳು ಗೋದಾಮುಗಳ ಗೋಡೆಗುಂಟ ನಡೆದು ಬರುತ್ತಿದ್ದಳು. ದುಬೈಯಲ್ಲಿ ದೆವ್ವಕ್ಕೆ ಹಾಳುಬಾವಿ ಎಲ್ಲಿ ಸಿಗಬೇಕು? ಒಂದು ಬೇವಿನ ಮರ, ಅಷ್ಟೇ. ಅದನ್ನು ದಾಟಿದಳು...

ಚಪ್... ಸರ್ರ್. ಚಪ್... ಸರ್ರ್.

ಹಿಂದೆ ಚಪ್ಪಲಿ. ಒಂದು ಕಾಲು ಎಳೆಯುವ ನಡಿಗೆ. ನಡುನಡುವೆ ಸಣ್ಣ ಸೀಟಿಯಂಥ ಉಸಿರು... ಸುಂಯ್.

ಅವಳು ತಿರುಗಲಿಲ್ಲ. ಆ ಉಸಿರು ಅವಳಿಗೆ ಗೊತ್ತಿತ್ತು.

ಹೃದಯ, ಶ್ವಾಸಕೋಶ ಸೋತವರನ್ನು ಆಸ್ಪತ್ರೆಯಲ್ಲಿ ನಡೆಸಿ ಅಳೆಯುವುದು ಜೂಡಿತ್‌ಳ ಕೆಲಸ. ಮೂವತ್ತು ಮೀಟರ್ ಕಾರಿಡಾರ್, ಆರು ನಿಮಿಷ. ರೋಗಿ ಮುಂದೆ, ಇವಳು ಹಿಂದೆ. ಜೊತೆಗೆ ನಡೆಯುವಂತಿಲ್ಲ, ನಡೆದರೆ ಅವರು ಇವಳ ವೇಗಕ್ಕೆ ಬೀಳುತ್ತಾರೆ. ಕಾರಿಡಾರಿನ ಒಂದು ತುದಿ ಮುಟ್ಟಿದರೆ ಒಂದು ಸುತ್ತು. ಕೈಯಲ್ಲಿನ ಎಣಿಕೆ ಯಂತ್ರ ಒತ್ತಬೇಕು, ಟಿಕ್. ನಿಮಿಷಕ್ಕೊಂದು ಗೊತ್ತುಮಾಡಿದ ಮಾತು, ಅದಕ್ಕಿಂತ ಹೆಚ್ಚು ಹುರಿದುಂಬಿಸಬಾರದು.

ಗುರುವಾರ ಕೊನೆಗೆ ಬಂದವರು ಪಾಯ್ಸ್ ಅಂಕಲ್. ಇಪ್ಪತ್ತಾರು ವರ್ಷ ಇಲ್ಲಿ ಹೋಟೆಲಿನ ಒಲೆ ಮುಂದೆ ನಿಂತವರು. ಮಗಳ ವಯಸ್ಸಿನ ಹುಡುಗಿಯರೆಲ್ಲ ಅವರಿಗೆ 'ಬಾಯೆ'. ಮುಂದಿನ ವಾರ ಊರಲ್ಲಿ ಮಗಳು ಜೋಯ್ಲಿನ್‌ಳ ರೋಸ್, ಮದುವೆಯ ಮುನ್ನಾದಿನದ ಶಾಸ್ತ್ರ. ಮದುಮಗಳ ತಲೆಗೆ ಅಪ್ಪ ತೆಂಗಿನ ಹಾಲು ಹಚ್ಚಬೇಕು. ಮುನ್ನೂರು ಮೀಟರ್ ನಡೆದರೆ ವಿಮಾನ ಹತ್ತಲು ಸಹಿ ಹಾಕುತ್ತೇನೆ ಅಂದಿದ್ದರು ಡಾಕ್ಟರು.

ಒಂಬತ್ತು ಸುತ್ತು. ಮೇಲೆ ಹದಿನಾಲ್ಕು ಮೀಟರ್. ಆರು ನಿಮಿಷ ಮುಗಿಯಿತು.

"ಹದಿನಾರು ಮೀಟರ್ ಸೇರಿಸಿ ಬರಿ, ಬಾಯೆ. ನಿನ್ನ ಗಂಟೇನು ಹೋಗ್ತದೆ?"

"ಆಗೋದಿಲ್ಲ ಅಂಕಲ್. ನಡೆದಷ್ಟೇ ಬರೀಬೇಕು."

"ನೀನು ಪೊಲೀಸಿಗೆ ಸೇರಬೇಕಿತ್ತು ಮಾರಾಯ್ತಿ!" ನಗಲು ಹೋಗಿ ಕೆಮ್ಮಿದರು.

"ಭಾನುವಾರ ಮತ್ತೆ ಬನ್ನಿ."

ಭಾನುವಾರ ಬಂದದ್ದು ಫೋನು. ಅವರ ರೂಮ್‌ಮೇಟ್ ಅಬೂಬಕ್ಕರ್.

"ಸಿಸ್ಟರ್, ಪಾಯ್ಸರ ಟೈಮು ಬೇರೆಯವರಿಗೆ ಕೊಡಿ... ನಿನ್ನೆ ರಾತ್ರಿ ಹೋಗಿಬಿಟ್ಟರು."

ಯಂತ್ರ ಇನ್ನೂ ಒಂಬತ್ತರಲ್ಲೇ ನಿಂತಿತ್ತು. ಸೊನ್ನೆ ಮಾಡಲು ಜೂಡಿತ್‌ಗೆ ಕೈ ಬರಲಿಲ್ಲ. ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಅವತ್ತಿನ ರೋಗಿಗಳನ್ನು ಬೇರೊಂದರಲ್ಲಿ ಎಣಿಸಿದಳು.

ಚಪ್... ಸರ್ರ್. ಸುಂಯ್.

ಓಡಬೇಕಿತ್ತು. ಅವಳು ನಿಧಾನ ಮಾಡಿದಳು. ಅಂದು ಮಾಡಬಾರದಿದ್ದದ್ದನ್ನು ಈಗ ಮಾಡಿದಳು... ಆ ಕಾಲಿಗೆ ತನ್ನ ಕಾಲು ಹೊಂದಿಸಿ ನಡೆದಳು.

"ಚೆನ್ನಾಗಿ ನಡೀತಿದ್ದೀರಿ ಅಂಕಲ್," ಪಿಸುಗುಟ್ಟಿದಳು. "ಇನ್ನು ಸ್ವಲ್ಪವೇ..."

"ಬರೀತೀಯಲ್ಲ, ಬಾಯೆ?"

"ಬರೀತೇನೆ."

ಹಾಗೆ ನಡೆದದ್ದು ಹದಿನಾರು ಮೀಟರ್ ಇರಬಹುದು. ಆಮೇಲೆ ಚಪ್ಪಲಿ ನಿಂತಿತು. ಉಸಿರೂ.

ಮಂಗಳವಾರ ಪಾಯ್ಸರ ಪೆಟ್ಟಿಗೆ ಊರಿಗೆ ಹೋಯಿತು. ಎಷ್ಟು ಮೀಟರ್ ಅಂತ ಯಾರೂ ಕೇಳಲಿಲ್ಲ.

ಆದರೆ ಆ ಭಾನುವಾರ ರಾತ್ರಿ ಜೂಡಿತ್ ನೇರ ನಮ್ಮ ಫ್ಲಾಟಿಗೆ ಬಂದಳು. ಬ್ಯಾಗಿನ ಜಿಪ್ ತೆಗೆದವನು ನಾನೇ, ಇದೇ ಕೈಯಿಂದ. ನನ್ನ ಹೆಂಡತಿಯನ್ನು ಕೇಳಿ. ನನ್ನ ಒಂದು ಮಾತನ್ನೂ ನಂಬಿದವಳಲ್ಲ ಅವಳು, ಇದಕ್ಕೆ ಮಾತ್ರ ಹೌದು ಅನ್ನುತ್ತಾಳೆ.

ಯಂತ್ರದಲ್ಲಿ ಹತ್ತು ಇತ್ತು.