ಅವ್ವನ ಭಂಗಿನಾರಿನ ಸೀರೆ

ಹೂಂ ಅನ್ನೋರು ಹತ್ರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಏಳು ಬೆಟ್ಟ ಹತ್ತಿ ಏಳು ಬೆಟ್ಟ ಇಳಿದ್ರೆ ಒಂದು ದೇಶ ಇತ್ತಂತೆ. ಹೆಸರೇನು ಅಂತೀರಾ? ಅದು ನನ್ನ ನಾಲಿಗೆ ಮೇಲೆ ಹೊರಳಲ್ಲ ಕಣ್ರಪ್ಪ. ಅಲ್ಲಿನೋರ ಹೆಸರೂ ಹೊರಳಲ್ಲ. ಅದಕ್ಕೆ ನಮ್ಮ ಹೆಸರೇ ಇಟ್ಟು ಹೇಳ್ತೀನಿ. ತಾಯಿ ಪುಟ್ಟೀರವ್ವ, ಮಗಳು ಚೆನ್ನಾಜಿ.

ಆ ದೇಶದಲ್ಲಿ ಮನೆಮನೆ ಹಿತ್ತಲಲ್ಲೂ ಭಂಗಿ ಗಿಡ. ಗಾಂಜಾ ಅಂತೀರಲ್ಲ, ಅದೇ. ಏಯ್ ಬೋರ, ಯಾಕೋ ಹಲ್ಲು ಕಿಸಿತೀಯ? ಪೊಲೀಸ್ನೋರು ನೆನಪಾದ್ರಾ? ಅಲ್ಲಿ ಅದನ್ನ ಸೇದೋರು ಇರ್ಲಿಲ್ಲ, ಉಡೋರು ಇದ್ರು. ನಾವು ಪುಂಡಿ ನಾರು ತೆಗೀತೀವಲ್ಲ, ಹಂಗೇ. ಗಿಡ ಕೀಳೋರು, ನೀರಲ್ಲಿ ಕೊಳೆಹಾಕೋರು, ನಾರು ಸುಲಿಯೋರು. ಎಳೆಗೆ ಎಳೆ ಸೇರಿಸಿ ಹೊಸೆದು ಸೀರೆ ನೇಯೋರು. ಯಾವಾಗ ಉಡೋಕೆ? ಸತ್ತಾಗ.

ಹೌದು ಕಣ್ರಪ್ಪ. ಆ ಸೀಮೆ ನಂಬಿಕೆ ಏನಂದ್ರೆ, ಭಂಗಿನಾರಿನ ಸೀರೆ ಉಟ್ಟು ಹೋದ್ರೇನೇ ಆಚೆ ಕಡೆ ಇರೋ ಹಿರೀಕರು "ನಮ್ಮೋಳು ಬಂದ್ಲು" ಅಂತ ಬಾಗಿಲು ತೆಗೆಯೋದು. ರೇಷ್ಮೆ ಉಟ್ಟು ಹೋದ್ರೂ ಹೊರಗೇ, ಜರಿ ಉಟ್ಟು ಹೋದ್ರೂ ಹೊರಗೇ. ಆ ಸೀರೆ ನೇಯಬೇಕಾದೋರು ಹೆತ್ತ ಮಕ್ಕಳು. ತನ್ನದು ತಾನೇ ನೇಯ್ಕೊಳ್ಳೋ ಹಂಗಿಲ್ಲ, ಬೇರೆಯೋರು ಕೊಟ್ಟದ್ದು ಉಡೋ ಹಂಗಿಲ್ಲ.

ಪುಟ್ಟೀರವ್ವಂಗೆ ಎದೆನೋವು ಹತ್ಕೊಂಡಿತ್ತು. ಇದ್ದೋಳು ಒಬ್ಬಳೇ ಮಗಳು. "ಮಗಾ, ನನ್ನ ಸೀರೆ ಒಂದಾಗ್ಬಿಟ್ರೆ ನಂಗಿನ್ಯಾವ ಚಿಂತೇನೂ ಇಲ್ಲ," ಅಂದ್ಲು.

"ಅದೇನು ದೊಡ್ಡ ಕೆಲಸಾನೇ ಅವ್ವ? ಈ ವರ್ಷವೇ ನೇಯ್ತೀನಿ," ಅಂದ್ಲು ಚೆನ್ನಾಜಿ. ಹಿತ್ತಲಲ್ಲಿ ಬೀಜ ಚೆಲ್ಲಿದ್ಲು. ಗಿಡ ಆಳುದ್ದ ಬಂತು. ಕಿತ್ತಳು, ಕೊಳೆಹಾಕಿದ್ಲು, ನಾರು ಸುಲಿದು ಒಣಗಿಸಿದ್ಲು. ಅಷ್ಟರಲ್ಲಿ ಬಂದ ನೋಡಿ ಒಬ್ಬ ದೂರದ ದ್ವೀಪದೋನು.

"ತಾಯೀ, ನಮ್ಮೂರಲ್ಲಿ ದೇವರ ಬಾಗಿಲಿಗೆ ಈ ನಾರಿನ ಹಗ್ಗ ಕಟ್ತೀವಿ. ಹಗ್ಗದ ಈಚೆ ನಾವು, ಆಚೆ ದೇವರು. ಈ ಸಲ ಬಿರುಗಾಳಿಗೆ ಬೆಳೆ ಹೋಯ್ತು, ಹಳೇ ಹಗ್ಗ ಹರಿದು ಬಿತ್ತು. ಈಗ ದೇವರಿಗೂ ದೆವ್ವಕ್ಕೂ ಒಂದೇ ಬಾಗಿಲು ಆಗೈತೆ."

ಚೆನ್ನಾಜಿ ಹಿಂದುಮುಂದು ನೋಡ್ಲಿಲ್ಲ. ಇದ್ದಬದ್ದ ನಾರೆಲ್ಲ ಹೊರೆ ಕಟ್ಟಿ ಕೊಟ್ಲು. ಆಮೇಲೆ ಅವ್ವನ ಮುಖ ನೋಡಿದ್ಲು.

"ಇರ್ಲಿ ಬಿಡು ಮಗಾ, ದೇವರ ಕೆಲಸ. ಬರೋ ವರ್ಷ ಆಯ್ತದೆ," ಅಂದ್ಲು ಅವ್ವ.

ಎರಡನೇ ವರ್ಷ. ಮತ್ತೆ ಬಿತ್ತಿದ್ಲು, ಮತ್ತೆ ಬೆಳೀತು. ಇನ್ನೇನು ಕೀಳಬೇಕು, ಹುಲ್ಲುಗಾವಲು ಸೀಮೆಯಿಂದ ಕುದುರೆ ಸವಾರ ಒಬ್ಬ ಬಂದು ಇಳಿದ.

"ಅಕ್ಕಾ, ನಮ್ಮ ನಾಯಕ ತೀರ್ಕೊಂಡ. ನಮ್ಮೋರು ಸಾವಾದಾಗ ಡೇರೆ ಹಾಕಿ, ಕಾದ ಕಲ್ಲಿನ ಮೇಲೆ ಈ ಬೀಜ ಚೆಲ್ಲಿ, ಆ ಹೊಗೇಲಿ ಕೂತು ಅಳ್ತಾರೆ. ಅದಿಲ್ದೆ ನಮ್ಮ ಗಂಡಸರಿಗೆ ಅಳು ಬರಲ್ಲ. ದುಃಖ ಒಳಗೇ ಕಟ್ಕೊಂಡು ಹುಚ್ಚರ ಥರ ತಿರುಗ್ತಾವ್ರೆ. ಬೀಜ ಬಲಿಯೋವರೆಗೂ ಗಿಡ ಬಿಡು."

ಬೀಜ ಬಲೀತು ಅಂದ್ರೆ ನಾರು ಒರಟಾಯ್ತು ಅಂತಲೇ ಲೆಕ್ಕ, ಹಗ್ಗಕ್ಕೆ ಬಂದೀತು, ಸೀರೆಗೆ ಬರಲ್ಲ. ಅದು ಚೆನ್ನಾಜಿಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಆದ್ರೂ ಬಿಟ್ಲು. ಮೂಟೆ ಬೀಜ ಕುದುರೆ ಮೇಲೆ ಹೇರಿಸಿ ಕಳಿಸಿದ್ಲು.

"ಇರ್ಲಿ ಬಿಡು ಮಗಾ, ಸಾವಿನ ಮನೆಯೋನು. ಬರೋ ವರ್ಷ ಆಯ್ತದೆ," ಅಂದ್ಲು ಅವ್ವ. ಅನ್ನೋವಾಗ ಗೋಡೆ ಹಿಡ್ಕೊಂಡು ನಿಂತಿದ್ಲು.

ಊರಲ್ಲೆಲ್ಲ ಚೆನ್ನಾಜಿದೇ ಮಾತು. "ಎಂಥಾ ಧರ್ಮಾತ್ಮೆ! ಕೇಳಿದೋರಿಗೆ ಇಲ್ಲ ಅನ್ನಲ್ಲ!" ಹಾಳಾದ್ದು ಈ ಹೊಗಳಿಕೆ ಐತಲ್ಲ, ಅದಕ್ಕಿಂತ ಅಮಲು ಯಾವ ಸೊಪ್ಪಲ್ಲೂ ಇಲ್ಲ ಕಣ್ರಪ್ಪ. ನಾನು ನೋಡಿ ಹೇಳ್ತಿದ್ದೀನಿ.

ಮೂರನೇ ವರ್ಷ. ಗಿಡ ಇನ್ನೂ ಸೊಂಟದೆತ್ತರ. ಬೈರಾಗಿಗಳ ತಂಡ ಬಂತು, ಜಡೆ, ಬೂದಿ, ಶಂಖ ಎಲ್ಲ. ಅವರ ಗುರು ಹೇಳಿದ: "ಮಗಳೇ, ಶಿವನಿಗೆ ಭಂಗಿ ಅರೆದು ಹಾಲಲ್ಲಿ ಕಲಸಿ ನೈವೇದ್ಯ ಮಾಡ್ಬೇಕು. ಅವನಿಗೆ ಮೊದಲ ಬಟ್ಟಲು, ಆಮೇಲೆ ನಮಗೆ ಒಂದೊಂದು ಗುಟುಕು. ಕುಡಿ ಎಲೆ ಚಿವುಟಿಕೊಳ್ಲಾ?"

ಕುಡಿ ಚಿವುಟಿದ ಗಿಡ ಕವಲೊಡೀತದೆ. ಕವಲೊಡೆದ ಗಿಡದಲ್ಲಿ ಉದ್ದ ನಾರೆಲ್ಲಿ ಬರ್ಬೇಕು? ಅವತ್ತು ಅವ್ವ ಹೊಸಿಲಿಗೆ ಬಂದು ನಿಂತ್ಲು. ಏನೋ ಹೇಳೋಕೆ ಬಾಯಿ ತೆಗೆದ್ಲು. ಬಂದ ಅತಿಥಿಗಳ ಮುಂದೆ ಮಗಳಿಗೆ ಯಾಕೆ ಅವಮಾನ ಅಂತ ಮುಚ್ಕೊಂಡ್ಲು. ಅತ್ತ ಮಗೂಗೆ ಹಾಲು ಅಂತಾರೆ. ಅವ್ವ ಅಳ್ಲಿಲ್ಲ ನೋಡಿ, ಅದೇ ಅವಳ ತಪ್ಪು.

"ಚಿವುಟ್ಕೊಳ್ಳಿ ಸ್ವಾಮೇರೆ," ಅಂದ್ಲು ಚೆನ್ನಾಜಿ.

"ಇರ್ಲಿ ಬಿಡು ಮಗಾ. ಬರೋ ವರ್ಷ..." ಅಂದ್ಲು ಅವ್ವ. ಆ ಮಾತು ಮುಗಿಸೋಕೆ ಉಸಿರು ಸಾಲ್ಲಿಲ್ಲ.

ಬರೋ ವರ್ಷದ ಬಿತ್ತನೆಗೆ ಮೊದಲೇ ಪುಟ್ಟೀರವ್ವ ಹೋದ್ಲು. ಊರೋರು ಒಳ್ಳೇ ರೇಷ್ಮೆ ಸೀರೆ ತಂದು ಹೊದಿಸಿದ್ರು. "ಧರ್ಮಾತ್ಮೇನ ಹೆತ್ತ ತಾಯಿ" ಅಂತ ಕೈ ಮುಗಿದ್ರು. ಚೆನ್ನಾಜಿ ಆ ರೇಷ್ಮೆ ಮೇಲೆ ಬಿದ್ದು ಎದೆ ಬಡ್ಕೊಂಡ್ಲು. ಊರಿಗೆ ಉಪಕಾರಿ, ಮನೆಗೆ ಮಾರಿ. ಈ ಗಾದೆ ಅವತ್ತು ಯಾರೂ ಅನ್ಲಿಲ್ಲ, ಅವಳೇ ಅಂದ್ಕೊಂಡ್ಲು.

ಆ ವರ್ಷ ಬಿತ್ತಿದ್ಲು. ಹಗ್ಗಕ್ಕೆ ಕೇಳಿದೋರಿಗೆ ಇಲ್ಲ ಅಂದ್ಲು. ಬೀಜಕ್ಕೆ ಕೇಳಿದೋರಿಗೆ ಇಲ್ಲ ಅಂದ್ಲು. ಸೊಪ್ಪಿಗೆ ಬಂದೋರನ್ನ ಹಿತ್ತಲಿಗೇ ಬಿಡ್ಲಿಲ್ಲ. ಇಷ್ಟು ಸುಲಭವಾ ಇಲ್ಲ ಅನ್ನೋದು ಅಂತ ಅವಳಿಗೇ ಆಶ್ಚರ್ಯ ಆಯ್ತು. ಸೀರೆ ನೇಯ್ದು ಮುಗಿಸಿದ್ಲು. ಯಾರಿಗೆ ಉಡಿಸ್ತೀಯ ತಾಯೀ? ಮುಚ್ಚಿದ ಮಣ್ಣು ತೆಗೆಯೋ ಹಂಗಿಲ್ಲ ಆ ದೇಶದಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಸೀರೆ ಪೆಟ್ಟಿಗೆ ಸೇರ್ತು. ಚೆನ್ನಾಜಿಗೆ ಮದುವೆ ಆಯ್ತು, ಮಕ್ಕಳಾದ್ರು, ಮೊಮ್ಮಕ್ಕಳಾದ್ರು. ಎಂಬತ್ತು ತುಂಬಿ ಅವಳೂ ಹೋದ್ಲು. ಮಕ್ಕಳು ನೇಯ್ದ ಸೀರೆ ಮೈಮೇಲೆ. ಅವ್ವನ ಸೀರೆ ಕಂಕುಳಲ್ಲಿ ಇಡಿ ಅಂತ ಮೊದಲೇ ಹೇಳಿದ್ಲು, ಇಟ್ಟಿದ್ರು.

ಹೋದ್ಲು ಹೋದ್ಲು, ಹಿರೀಕರ ಬಾಗಿಲಿಗೆ ಹೋದ್ಲು. ಬಾಗಿಲ ಹೊರಗೆ ಕಲ್ಲಿನ ಮೇಲೆ ಒಬ್ಬಳು ಕೂತಿದ್ಲು. ಮಾಸಿದ ರೇಷ್ಮೆ ಸೀರೆ. ನಲವತ್ತೈದೋ ಐವತ್ತೋ ವಯಸ್ಸು, ಸತ್ತ ದಿನ ಹೆಂಗಿದ್ಲೋ ಹಂಗೇ.

"ಅವ್ವಾ!" ಅಂತ ಓಡಿದ್ಲು ಚೆನ್ನಾಜಿ. ಬೆನ್ನು ಬಗ್ಗಿತ್ತು, ಬಾಯಲ್ಲಿ ಒಂದೂ ಹಲ್ಲಿರ್ಲಿಲ್ಲ.

"ಯಾರಜ್ಜೀ ನೀನು? ಯಾರನ್ನ ಹುಡುಕ್ತಿದ್ದೀಯ?" ಅಂದ್ಲು ಪುಟ್ಟೀರವ್ವ.

"ನಾನು ಕಣವ್ವ, ನಿನ್ನ ಚೆನ್ನಾಜಿ. ನಿನ್ನ ಸೀರೆ ತಂದಿದ್ದೀನಿ, ಉಟ್ಕೋ. ನನ್ನಿಂದ ತಪ್ಪಾಯ್ತು ಕಣವ್ವ."

ಪುಟ್ಟೀರವ್ವ ನಕ್ಕುಬಿಟ್ಲು. "ನನ್ನ ಚೆನ್ನಾಜಿ ಎಳೇ ಹುಡುಗಿ ಅಜ್ಜಿ. ಬಂದೋರಿಗೆ ಇಲ್ಲ ಅನ್ನಲ್ಲ ನೋಡು, ಪಾಪ, ಅವಳಿಗೆ ಪುರುಸೊತ್ತಾಗಿಲ್ಲ. ಬರೋ ವರ್ಷ ತರ್ತಾಳೆ. ಇದನ್ನ ನಿಮ್ಮೋರಿಗೆ ಇಟ್ಕೋ. ಬೇರೆಯೋರು ಕೊಟ್ಟದ್ದು ನಾನು ಉಡೋ ಹಂಗಿಲ್ಲ."

ಅಷ್ಟರಲ್ಲಿ ಬಾಗಿಲು ತೆಗೀತು. "ನಮ್ಮೋಳು ಬಂದ್ಲು, ಬಾರವ್ವ ಒಳಕ್ಕೆ!" ಅಂತ ಹಿರೀಕರು ಕೈ ಚಾಚಿದ್ರು, ಚೆನ್ನಾಜಿ ಕಡೆಗೆ.

ಚೆನ್ನಾಜಿ ಹೋಗ್ಲಿಲ್ಲ. "ಇಲ್ಲೇ ನಿನ್ನ ಪಕ್ಕ ಕೂತ್ಕೊಳ್ಲಾ ತಾಯೀ?" ಅಂದ್ಲು.

"ಕೂತ್ಕೋ ಅಜ್ಜಿ," ಅಂತ ಪುಟ್ಟೀರವ್ವ ಸರಿದು ಜಾಗ ಬಿಟ್ಲು. "ನನ್ನ ಮಗಳು ಬಂದಾಗ ನಿಂಗೂ ತೋರಿಸ್ತೀನಿ."

ಅಷ್ಟೇ ಕಣ್ರಪ್ಪ. ಅವರು ಅಲ್ಲಿ ಕಲ್ಲಿನ ಮೇಲೆ, ನಾವು ಇಲ್ಲಿ ಜಗಲಿ ಮೇಲೆ, ಕಥೆ ನಿಮ್ಮ ಮಡಿಲ ಮೇಲೆ. ಏಳಿ ಇನ್ನ. ಮನೇಲಿ ಅವ್ವ ಇರೋರು ಮೊದಲು ಏಳಿ.