ಗುರವ್ವನ ಹೆಸರಿನ ಡಬ್ಬಿ

ಸುಳ್ಳಲ್ಲರಿ ಇದು. ನನ್ನ ಕಾಕಾನ ಮಗ ಸಿದ್ಧಾರೂಢಗ ಆಗಿದ್ದು. ಅಂವ ಇವತ್ತಿಗೂ ಕಲಘಟಗ್ಯಾಗ ಅದಾನ, ಬೇಕಾದ್ರ ಹೋಗಿ ಕೇಳ್ರಿ. ಆದರ ಅವನ ಕೈಲೆ ಚಾ ಇಸಗೊಂಡು ಕುಡೀಬ್ಯಾಡ್ರಿ. ನಾ ಅಂತೂ ಕುಡಿಯಂಗಿಲ್ಲ.

ಹೋದ ವರ್ಷ, ರಾತ್ರಿ ಹನ್ನೊಂದಕ್ಕ, ಅಂವ ತಂಬೂರ ಅನ್ನೂ ಹಳ್ಳಿ ಹೊರಗ ಗಾಡಿ ನಿಲ್ಲಿಸಿ ನಡಕೋತ ಹೊಂಟಿದ್ದಾ. ಹಾಳ ಬಾವಿ ದಾಟಿದಾ... ಮೂಗಿಗೆ ನಾತ ಬಡೀತು. ಬಾವೀದಲ್ಲ. ಮುಂದ ಇದ್ದ ಗುರವ್ವನ ಹಿಟ್ಟಿನ ಗಿರಣೀದು.

ಅಲ್ಲಿಗೆ ಯಾಕ ಹೊಂಟಿದ್ದಾ? ಅದನ್ನ ಮೊದಲ ಹೇಳತೇನಿ.

ಹಳ್ಳಿ ಮನಿಗಳಿಗೆ ಇಂಟರ್‌ನೆಟ್ ಕೊಡೂ ಆಫೀಸಿನ್ಯಾಗ ಸಿದ್ಧಾನ ಕೆಲಸ. ಮನಿಗೊಂದು ಡಬ್ಬಿ. ಡಬ್ಬಿ ನಂಬರನ್ನ ಆ ಮನಿಯವರ ಹೆಸರಿಗೆ ಕಂಪ್ಯೂಟರಿನ್ಯಾಗ ಹಚ್ಚಿದ್ರ ಲೈನ್ ಚಾಲೂ. ಡಬ್ಬಿ ನೆಟ್ಟಗಿದ್ರ ಹೆಸರಿನ ಮುಂದ ಹಸರು ಚುಕ್ಕಿ, ಕೆಟ್ರ ಕೆಂಪು. ತಿಂಗಳ ಕಡೀಗೆ ಮ್ಯಾಲಿನವರಿಗೆ ಕೆಂಪು ಕಾಣಬಾರದು, ಅಷ್ಟ.

ಗುರವ್ವ ಒಬ್ಬಾಕೀನ ಗಿರಣ್ಯಾಗ ಇರ್ತಿದ್ಲು. ಹಿಟ್ಟಿನ ಧೂಳಿಗೆ ದಮ್ಮಿನ ರೋಗ ಹತ್ತಿತ್ತು. ಆ ಕಡೆ ಮೊಬೈಲಿಗೆ ಟಾವರ್ ಸಿಗಂಗಿಲ್ಲ, ಡಬ್ಬಿ ಇಂಟರ್‌ನೆಟ್ಟಿನ ಮ್ಯಾಲೇ ಫೋನ್ ಹೋಗೂದು. ದಮ್ಮು ಹತ್ತಿದ ರಾತ್ರಿ ಯಾರನ್ನರೆ ಕರೀಬೇಕಂದ್ರ ಆ ಡಬ್ಬೀನ ಗತಿ.

ಒಂದಿನ ಬಸ್‌ಸ್ಟ್ಯಾಂಡ್ ತನಕ ನಡದು ಬಂದು ಸಿದ್ಧಾಗ ಫೋನ್ ಹಚ್ಚಿದ್ಲು. "ತಮ್ಮಾ, ಇಲಿ ವೈರ್ ಕಡದಾವಪಾ. ಗಿರಣಿ ಮೋಟರ್ರೂ ಸುಟ್ಟೈತಿ, ಮಂದಿ ಬರಂಗಿಲ್ಲ. ಲಗೂನ ಬಾ."

"ನಾಳೆ ಬರ್ತೇನ್ರಿ ಅಕ್ಕಾರ."

ಹೋಗಲಿಲ್ಲ. ಆಫೀಸಿನ ಕಪಾಟಿನ್ಯಾಗಿದ್ದ ಹೊಸ ಡಬ್ಬಿ ತಗದು, ಅಲ್ಲೇ ವೈರ್ ಚುಚ್ಚಿ, ಅದರ ನಂಬರನ್ನ ಗುರವ್ವನ ಹೆಸರಿಗೆ ಹಚ್ಚಿದಾ. ಚುಕ್ಕಿ ಹಸರಾತು. 'ದುರಸ್ತಿ ಮುಗೀತು' ಅಂತ ಬರದಾ. ಆ ಆಫೀಸಿನ್ಯಾಗ ಎಲ್ಲಾರೂ ಮಾಡೂ ಹಲಕಟ್ ಕೆಲಸ ಇದು. ಥೂ!

ನಾಕು ದಿನಕ್ಕ ಗಿರಣಿ ನಾತ ಊರ ತನಕಾ ಹಬ್ಬಿತು. ಬಾಗಲಾ ಒಡದ್ರು. ಮಂದಿಕಿಂತ ಮೊದಲ ಇಲಿ ಹೋಗಿದ್ವು. ಆಕಿ ಕೈಯಾಗ ಫೋನ್ ಇತ್ತು... ಬೆರಳು ಎಲ್ಲಾ ಇರಲಿಲ್ಲ. ಅವತ್ತ ಸಂಜಿಗೇ ಮಣ್ಣು ಮಾಡಿದ್ರು.

ಸಿದ್ಧಾ ಹೆದರಿದಾ. ಆಫೀಸಿನ ಡಬ್ಬಿ ವೈರ್ ಕಿತ್ತಾ. ಕಂಪ್ಯೂಟರ್ ನೋಡಿದಾ... ಗುರವ್ವನ ಹೆಸರಿನ ಮುಂದ ಇನ್ನೂ ಹಸರು. ಡಬ್ಬಿ ಕಪಾಟಿನ್ಯಾಗಿಟ್ಟು ಕೀಲಿ ಹಾಕಿದಾ. ಇನ್ನೂ ಹಸರು. ಗಿರಣ್ಯಾಗಿನ ಕಡದ ವೈರ್ ನೋಡಿ ಯಾರರೆ ಕೇಳೂದಕ್ಕಿಂತ ಮೊದಲ, ಹಳೇ ಡಬ್ಬೀನ ಕಿತ್ತು ತರೂಣು ಅಂತ ಹೊಂಟಿದ್ದಾ ಆ ರಾತ್ರಿ. ಸತ್ತಾಕಿ ಸಲುವಾಗಿ ಅಲ್ಲ, ತನ್ನ ನೌಕರಿ ಸಲುವಾಗಿ!

ಗಿರಣಿಗೆ ಕರೆಂಟ್ ಇರಲಿಲ್ಲ. ಒಳಗ ಕಾಲಿಟ್ಟಾ. ಹಿಟ್ಟಿನ ಮ್ಯಾಲ ಏನೋ ಪಸಪಸ ಅಂತು... ಕರ್... ಕರ್... ಕರ್... ಹಲ್ಲಿಲೆ ವೈರ್ ಕಡಿಯೂ ಸಪ್ಪಳ. ನಿಂತು ಹೋತು.

ಗ್ವಾಡಿ ಮ್ಯಾಲ ಹಳೇ ಡಬ್ಬಿ. ವೈರ್ ಎರಡು ತುಂಡಾಗಿ ಜೋತಾಡ್ತಿತ್ತು. ಆದರ ದೀಪ ಹತ್ತಿತ್ತು. ಹಸರು.

"ತಮ್ಮಾ..." ಸುಂಯ್, ಸುಂಯ್ ಅಂತ ದಮ್ಮಿನ ಉಸರು. "ಬಂದಿ?"

"ಬಂ... ಬಂದೇನ್ರಿ ಅಕ್ಕಾರ."

"ವೈರ್ ಹಚ್ಚು."

ಅಂವ ಕೈ ಚಾಚಿ ಹಿಡದಾ, ನಾ ಚಾ ಇಸಗೊಳ್ಳದ ಆ ಕೈ. ವೈರ್ ಬೆಚ್ಚಗಿತ್ತಂತ. ಅಂಟಂಟು. ಕೈಬಿಟ್ಟು ಓಡಿದಾ. ಬಾವಿ ಕಟ್ಟಿ ಹಂತೇಕ ಬಂದು ಆ ಕೈ ಮಣ್ಣಿಗೆ ತಿಕ್ಕಿದಾ.

ಮುಂಜಾನೆ ನನ್ನ ಕರಕೊಂಡು ಆಫೀಸಿಗೆ ಹೋದಾ. ಕಪಾಟಿನ ಕೀಲಿ ತಗದಾ. ಆ ಹೊಸ ಡಬ್ಬಿ ಅಲ್ಲೇ ಇತ್ತು, ಕಂಪನಿ ಸೀಲಿನ ಸ್ಟಿಕರ್ ಹಚ್ಚಿದ್ದು ಹಚ್ಚಿದಂಗ. ಹರಿಯಾಕ ಅವಂಗ ಕೈ ಬರಲಿಲ್ಲ. ನಾನೇ ಹರದೆ, ನಾನೇ ಸ್ಕ್ರೂ ಬಿಚ್ಚಿದೆ. ಕಣ್ಣಾರೆ ಕಂಡದ್ದು ಹೇಳತೇನಿ, ನಂಬ್ರಿ, ಬಿಡ್ರಿ.

ಒಳಗ ಜ್ವಾಳದ ಹಿಟ್ಟು ತುಂಬಿತ್ತು. ಹಸಿ ಹಿಟ್ಟು, ಹುಳಾ ಬಿದ್ದಿದ್ವು. ಹಿಟ್ಟಿನ್ಯಾಗ ಒಂದು ಉಗುರಿತ್ತು.